‘ಮುಲ್ಕಿ ಪಾಸು’ ಅಂದ್ರೆ ಮಾಸ್ತರಿಕೆಗೆ ಪರವಾನಗಿಯೇ?

ಗೆಳೆಯರೇ, ಹಿರಿಯರೇ,

‘ಮುಲ್ಕಿ’ ಅನ್ನೋ ಪದಕ್ಕೆ ಅರ್ಥ ಬರೆಯಬೇಕಾಗಿದೆ, ನಿಮ್ಮ ನೆರವು ಬೇಕು. ಕರಾವಳಿಯ ಮೂಲ್ಕಿ ಊರಿನ ಮಾತಲ್ಲ ಇದು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹಿರಿಯರು ‘ಮುಲ್ಕಿ ಪಾಸಾಗಿ ಮಾಸ್ತರ ಆದೆ’ ಅಂತಾರಲ್ಲ, ಆ ಮುಲ್ಕಿ.

ಆ ಭಾಗದ ನಿವೃತ್ತ ಮಾಸ್ತರರೊಬ್ಬರು ಬರೆದ ನೆನಪುಗಳ ಕರಡು ತಿದ್ದುತ್ತಿದ್ದೇನೆ. ಕೊನೆಯಲ್ಲಿ ಹಳೆಯ ಪದಗಳ ಪಟ್ಟಿ ಕೊಡಬೇಕು. ಬರಹದಲ್ಲಿ ಮುಲ್ಕಿ ಅನ್ನೋದು ಮತ್ತೆ ಮತ್ತೆ ಬರುತ್ತೆ. ಕರಡು ನೋಡಿದ ಒಬ್ಬರು ‘ಏಳನೇ ಕ್ಲಾಸ್ ಅಂತ ಬರೆದುಬಿಡಿ’ ಅಂದರು. ಇನ್ನೊಬ್ಬರು ‘ಶಿಕ್ಷಕರ ತರಬೇತಿ ಅಂತ ಹಾಕಿ’ ಅಂದರು. ಮೊದಲನೆಯದು ಅರ್ಧ ಸರಿ, ಎರಡನೆಯದು ಪೂರ್ತಿ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ನೀವೂ ನೋಡಿ.

ಬ್ರಿಟಿಷರ ಕಾಲದಲ್ಲಿ ಈ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಓದಿಗೆ ಎರಡು ದಾರಿ ಇತ್ತು. ಬಿಗರಿಯಿಂದ (ಒಂದನೇ ಕ್ಲಾಸಿಗೂ ಮುಂಚಿನ ತರಗತಿ) ಶುರುಮಾಡಿ ಕನ್ನಡ ನಾಲ್ಕನೆಯ ಇಯತ್ತೆ (ಕ್ಲಾಸ್) ಮುಗಿಸಿ ಇಂಗ್ಲಿಷ್ ಸಾಲಿಗೆ ಹೋದರೆ ಮುಂದೆ ಮ್ಯಾಟ್ರಿಕ್. ಕನ್ನಡ ಸಾಲಿಯಲ್ಲೇ ಉಳಿದು ಏಳನೆಯ ಇಯತ್ತೆವರೆಗೆ ಓದಿದರೆ ಕೊನೆಗೆ ಸರ್ಕಾರದ ಪರೀಕ್ಷೆ. ಕಾಗದಪತ್ರದಲ್ಲಿ ಅದು ವರ್ನಾಕ್ಯುಲರ್ ಫೈನಲ್, ಅಂದ್ರೆ ದೇಶಭಾಷೆಯ ಕೊನೆಯ ಪರೀಕ್ಷೆ. ಜನರ ಬಾಯಲ್ಲಿ ಮುಲ್ಕಿ. ಇಂಗ್ಲಿಷ್ ಸಾಲಿಯ ಫೀ ಕಟ್ಟಲಾಗದ ಮನೆಯ ಹುಡುಗರಿಗೆ ಓದಿನ ಕೊನೆಯ ಮೆಟ್ಟಿಲು ಇದೇ. ಇದನ್ನು ದಾಟಿದವರು ಸಣ್ಣ ಸರ್ಕಾರಿ ನೌಕರಿಗೆ ಅರ್ಜಿ ಹಾಕಬಹುದಿತ್ತು. ಕನ್ನಡ ಸಾಲಿ ಮಾಸ್ತರಿಕೆಯೂ ಅದರಲ್ಲೊಂದು.

ಈಗಿನ ಏಳನೇ ಕ್ಲಾಸಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಅಲ್ವಾ? ಈಗ ಏಳನೇ ಕ್ಲಾಸ್ ಪಾಸಾದರೆ ಎಂಟನೇ ಕ್ಲಾಸಿಗೆ ಹೋಗ್ತಾರೆ, ಅಷ್ಟೇ. ಆಗ ಮುಲ್ಕಿ ಪಾಸಾದವರು ಸಂಬಳದ ಕೆಲಸಕ್ಕೆ ಹೋಗಬಹುದಿತ್ತು. ಸುಮ್ನೆ ‘ಏಳನೇ ಕ್ಲಾಸ್’ ಅಂತ ಬರೆದರೆ, ಏಳನೇ ಕ್ಲಾಸ್ ಓದಿದವರನ್ನ ಮಾಸ್ತರ ಹೇಗೆ ಮಾಡಿದರು ಅಂತ ಇಂದಿನ ಓದುಗರು ಹುಬ್ಬೇರಿಸ್ತಾರೆ. ಆ ತಲೆಮಾರಿನ ಮಾಸ್ತರರಿಗೆ ಅದು ಅನ್ಯಾಯ.

ಪದದ ಹುಟ್ಟು ನೋಡಿದರೂ ಈ ಅರ್ಥವೇ ಗಟ್ಟಿಯಾಗುತ್ತೆ. ಅರಬ್ಬಿಯ ಮುಲ್ಕ್ ಅಂದ್ರೆ ನಾಡು, ಆಳ್ವಿಕೆಯ ಪ್ರದೇಶ. ನಾವು ‘ಮುಲುಕು’ ಅಂತೀವಲ್ಲ, ಅದೇ. ಮರಾಠಿಯಲ್ಲಿ ಮುಲ್ಕಿ ಅಂದ್ರೆ ಕಂದಾಯಕ್ಕೆ, ನಾಡಿನ ಆಡಳಿತಕ್ಕೆ ಸೇರಿದ್ದು. ಉತ್ತರ ಕರ್ನಾಟಕದಲ್ಲಿ ಪೊಲೀಸ್ ಪಾಟೀಲ, ಮುಲ್ಕಿ ಪಾಟೀಲ ಅಂತ ಎರಡು ಮನೆತನದ ಹೆಸರಿವೆ. ಒಬ್ಬರು ಊರಿನ ಬಂದೋಬಸ್ತು ನೋಡಿಕೊಳ್ಳೋರು, ಇನ್ನೊಬ್ಬರು ಕಂದಾಯ ವಸೂಲಿ ಮಾಡೋರು. ಹಾಗಾಗಿ ಮುಲ್ಕಿ ಪರೀಕ್ಷೆಯನ್ನ ‘ಸರ್ಕಾರಿ ಚಾಕರಿಗೆ ಅರ್ಹತೆ ಕೊಡೋ ಪರೀಕ್ಷೆ’ ಅಂತ ಓದೋದು ನನಗೆ ಸರಿಯಾಗಿ ಕಾಣುತ್ತೆ. ಹೆಸರಿನಲ್ಲಿ ಪಾಠದ ಸುಳಿವೇ ಇಲ್ಲ ನೋಡಿ.

ಈಗ ಎರಡನೇ ಸಲಹೆ, ತರಬೇತಿ. ಕರಡಿನಲ್ಲಿ ಮಾಸ್ತರರು ತಮ್ಮ ಸಾಲಿಯ ಒಂದು ಹಳೆಯ ಪಟ್ಟಿಯನ್ನ ಹಾಗೇ ಇಳಿಸಿದ್ದಾರೆ. ಪ್ರತಿ ಮಾಸ್ತರರ ಹೆಸರಿನ ಮುಂದೆ ಎರಡು ಅಂಕಣ. ಒಂದರಲ್ಲಿ ಎಲ್ಲರಿಗೂ ‘ಮುಲ್ಕಿ’. ಇನ್ನೊಂದರಲ್ಲಿ ಒಬ್ಬರಿಗೆ ‘ಅನ್‌ಟ್ರೇಂಡ್’, ಒಬ್ಬರಿಗೆ ‘ಫಸ್ಟ್ ಇಯರ್’, ಹೆಡ್‌ಮಾಸ್ತರರಿಗೆ ‘ಥರ್ಡ್ ಇಯರ್’. ಸಂಬಳ ಏರುತ್ತಿದ್ದದ್ದು ಈ ಎರಡನೇ ಅಂಕಣ ನೋಡಿ. ಮುಲ್ಕಿ ಆದವರು ಮೊದಲು ಅನ್‌ಟ್ರೇಂಡ್ ಮಾಸ್ತರರಾಗಿ ಸೇರೋರು. ಆಮೇಲೆ ಟ್ರೇನಿಂಗ್ ಕಾಲೇಜಿಗೆ ಹೋಗೋರು. ಒಂದು ವರ್ಷ ಮುಗಿಸಿ ಸಾಲಿಗೆ ಮರಳಿದವರೂ ಇದ್ದರು, ಮೂರೂ ಮುಗಿಸಿದವರೂ ಇದ್ದರು. ‘ಅವ್ರು ಥರ್ಡ್ ಇಯರ್ ಟ್ರೇಂಡ್ ಮಾಸ್ತರ್ರು’ ಅಂದ್ರೆ ಊರಲ್ಲಿ ಮರ್ಯಾದೆ ಜಾಸ್ತಿ. ಮುಲ್ಕಿ ಒಳಗೆ ಬಿಡುತ್ತಿತ್ತು, ಟ್ರೇನಿಂಗ್ ಮೇಲಕ್ಕೇರಿಸುತ್ತಿತ್ತು. ಎರಡನ್ನೂ ಒಂದೇ ಮಾಡಿದರೆ ಈ ಪಟ್ಟಿ ಓದಲಿಕ್ಕೇ ಬರಲ್ಲ.

ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಮೊದಲು ನಾರ್ಮಲ್ ಸ್ಕೂಲ್ ಅಂತಿದ್ದರು. ಡೆಪ್ಯುಟಿ ಚನ್ನಬಸಪ್ಪನವರು ಮುಖ್ಯಸ್ಥರಾಗಿದ್ದ ಸಂಸ್ಥೆ ಅದು. (ಅವರ ಹೆಸರಿನ ಡೆಪ್ಯುಟಿ ಕೂಡ ಶಿಕ್ಷಣ ಇಲಾಖೆಯ ಹುದ್ದೆಯೇ.) ಇಲ್ಲೂ ಒಂದು ಎಚ್ಚರ ಬೇಕು. ನಾರ್ಮಲ್ ಸ್ಕೂಲನ್ನ ‘ಸಾಮಾನ್ಯ ಶಾಲೆ’ ಅಂತ ಅನುವಾದ ಮಾಡೋದು ತಪ್ಪು. ಫ್ರಾನ್ಸಿನ ಎಕೋಲ್ ನಾರ್ಮಾಲ್‌ನಿಂದ ಬಂದ ಹೆಸರದು. ಕಲಿಸೋದಕ್ಕೆ ಮಾದರಿ ಹಾಕಿಕೊಡೋ ಶಾಲೆ ಅನ್ನೋ ಅರ್ಥ. ಇಂಥ ಶಾಲೆಗಳನ್ನ ಎಲ್ಲ ಪ್ರಾಂತಗಳಲ್ಲೂ ತೆರೆಯಬೇಕು ಅಂತ ಭಾರತದ ಶಿಕ್ಷಣ ನೀತಿ ಕುರಿತ 1854ರ ವುಡ್ ವರದಿ ಒತ್ತಿ ಹೇಳಿತ್ತು. ಮದರಾಸಿನ ಸೈದಾಪೇಟೆಯ ಕಾಲೇಜು 1856ರಲ್ಲಿ ಹುಟ್ಟಿದ್ದೂ ನಾರ್ಮಲ್ ಸ್ಕೂಲ್ ಆಗಿಯೇ.

ಇದಕ್ಕೂ ಮುಂಚೆ ಮಾಸ್ತರರ ಕೈಯಲ್ಲಿ ಸರ್ಕಾರದ ಕಾಗದ ಇರಬೇಕು ಅನ್ನೋ ಮಾತೇ ಇರಲಿಲ್ಲ. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ ಕೊಟ್ಟ ವರದಿಯಲ್ಲಿ ಆಗಿನ ಆ ದೊಡ್ಡ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು ಅಂತ ಲೆಕ್ಕ ಇದೆ. ಅಲ್ಲಿ ಕಲಿಸುತ್ತಿದ್ದವರಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರೂ ಇಲ್ಲ. ಊರು ಒಪ್ಪಿತು, ಕಲಿಸಿದರು. ಊರವರೇ ನಡೆಸುತ್ತಿದ್ದ ಇಂಥ ಶಾಲೆಗಳಿಗಿದ್ದ ಗಾಂವಠಿ ಸಾಲಿ, ಕೂಲಿಮಠ ಅನ್ನೋ ಪದಗಳು ಆ ಕಾಲದ ನೆನಪು. ಅವಕ್ಕೂ ಪಟ್ಟಿಯಲ್ಲಿ ಜಾಗ ಕೊಡ್ತೀನಿ.

ಇನ್ನು ಬಹಳ ಜನಕ್ಕೆ ಗೊಂದಲ ಆಗೋ ಜಾಗಕ್ಕೆ ಬರ್ತೀನಿ. ಕಲಬುರಗಿ, ರಾಯಚೂರು, ಬೀದರ್ ಕಡೆಯವರಿಗೆ ಮುಲ್ಕಿ ಅಂದ್ರೆ ಪರೀಕ್ಷೆ ಅಲ್ಲವೇ ಅಲ್ಲ. ಅಲ್ಲಿ ಮುಲ್ಕಿ ಅಂದ್ರೆ ಈ ನಾಡಿನವನು, ಸ್ಥಳೀಕ. 1919ರಲ್ಲಿ ಹೈದರಾಬಾದ್ ನಿಜಾಮರು ಹೊರಡಿಸಿದ ನಿಯಮದ ಪ್ರಕಾರ ಸರ್ಕಾರಿ ನೌಕರಿ ಮುಲ್ಕಿಗಳಿಗೆ ಮಾತ್ರ. ಹೊರಗಿಂದ ಬಂದವರು ಮುಲ್ಕಿ ಅನ್ನಿಸಿಕೊಳ್ಳಬೇಕಾದರೆ 15 ವರ್ಷ ಅಲ್ಲೇ ವಾಸ ಇದ್ದಿರಬೇಕು. ಹಾಗಾಗಿ ರಾಯಚೂರಿನಲ್ಲಿ ಮಾಸ್ತರ ಆಗಬೇಕಾದವರಿಗೆ ಓದಿನ ಸರ್ಟಿಫಿಕೇಟ್ ಜೊತೆ ಮುಲ್ಕಿ ಸರ್ಟಿಫಿಕೇಟೂ ಬೇಕಿತ್ತು. 1952ರಲ್ಲಿ ಎದ್ದ ಮುಲ್ಕಿ ಚಳವಳಿಯ ಕಿಡಿ ಹೊತ್ತಿದ್ದೂ ಶಿಕ್ಷಕರ ವಿಷಯಕ್ಕೇ. ವರಂಗಲ್ಲಿನ ಶಾಲೆಗಳಿಗೆ ಮುಲ್ಕಿಗಳಲ್ಲದವರನ್ನ ಮಾಸ್ತರರನ್ನಾಗಿ ನೇಮಿಸಿದ್ದಾರೆ ಅಂತ ವಿದ್ಯಾರ್ಥಿಗಳು ಬೀದಿಗಿಳಿದರು. 1956ರಲ್ಲಿ ಕಲಬುರಗಿಯೂ ಧಾರವಾಡವೂ ಒಂದೇ ರಾಜ್ಯಕ್ಕೆ ಬಂದವು. ವಿಜಯಪುರದ ಮಾಸ್ತರ ‘ನಂದು ಮುಲ್ಕಿ ಆಗೇದ’ ಅಂದ್ರೆ ಪರೀಕ್ಷೆ. ಕಲಬುರಗಿಯವರು ‘ನಾವು ಮುಲ್ಕಿ’ ಅಂದ್ರೆ ಊರಿನ ಹಕ್ಕು. ಎರಡೂ ಮಾಸ್ತರಿಕೆಯ ಅರ್ಜಿಗೆ ಬೇಕಾದ ಕಾಗದಗಳೇ ಆಗಿದ್ದರಿಂದ ಸಂದರ್ಭ ನೋಡದೆ ಅರ್ಥ ಹಾಕಿದರೆ ಎಡವೋದು ಖಂಡಿತ.

ತಲೆಬರಹದಲ್ಲಿ ಕೇಳಿದ ‘ಪರವಾನಗಿ’ ಪದದ ಬಗ್ಗೆಯೂ ಹೇಳಬೇಕು. ಅಂಗಡಿಗೆ, ಬಂದೂಕಿಗೆ, ಗಾಡಿ ಓಡಿಸೋಕೆ ಲೈಸೆನ್ಸ್ ಅಂತೀವಿ. ಮಾಸ್ತರರಿಗೆ ಲೈಸೆನ್ಸ್ ಇದೆ ಅಂತ ಕನ್ನಡದಲ್ಲಿ ಯಾರೂ ಅನ್ನಲ್ಲ. ಹೈಸ್ಕೂಲ್ ಮಾಸ್ತರರ ಹೆಸರಿನ ಮುಂದೆ ಬರುತ್ತಿದ್ದ ‘ಬಿ.ಎ., ಎಲ್.ಟಿ.’ಯ ‘ಎಲ್’ ಮಾತ್ರ ಲೈಸೆನ್ಷಿಯೇಟ್, ಅಂದ್ರೆ ಕಲಿಸೋ ಪರವಾನಗಿ ಪಡೆದವರು. ಆಮೇಲೆ ಬಂದ ಬಿ.ಟಿ., ಬಿ.ಎಡ್., ಟಿ.ಸಿ.ಎಚ್. ಎಲ್ಲ ಪದವಿ, ಸರ್ಟಿಫಿಕೇಟುಗಳೇ. ಈಗಿನವುಗಳಲ್ಲಿ ಪರವಾನಗಿಗೆ ಹತ್ತಿರ ಇರೋದು ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ. 2010ರ ಆಗಸ್ಟಿನ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಅಧಿಸೂಚನೆ ಅದನ್ನ ಕಡ್ಡಾಯ ಮಾಡಿತು. ಮೊದಲು ಆ ಸರ್ಟಿಫಿಕೇಟಿಗೆ 7 ವರ್ಷದ ವಾಯಿದೆ ಇತ್ತು, 2021ರಲ್ಲಿ ಅದನ್ನ ಜೀವನಪೂರ್ತಿ ಮಾಡಿದರು. ಆದರೂ ಜನ ‘ಟಿಇಟಿ ಆಗಿದೆ’ ಅಂತಲೇ ಹೇಳ್ತಾರೆ, ಹಿಂದೆ ‘ಮುಲ್ಕಿ ಆಗೇದ’ ಅಂದ ಹಾಗೆ. ಅದಕ್ಕೇ ಮುಲ್ಕಿಗೆ ‘ಪರವಾನಗಿ’ ಅನ್ನೋ ಪದ ಹಚ್ಚೋದು ನನಗೆ ಒಪ್ಪಿಗೆ ಇಲ್ಲ.

ಸದ್ಯಕ್ಕೆ ನಾನು ಬರೆದಿಟ್ಟಿರೋ ಅರ್ಥ ಹೀಗಿದೆ:

ಮುಲ್ಕಿ: 1. ಮುಂಬಯಿ ಪ್ರಾಂತದ ಕನ್ನಡ ಶಾಲೆಗಳ ಕೊನೆಯ ಸರ್ಕಾರಿ ಪರೀಕ್ಷೆ. ಪಾಸಾದವರು ಪ್ರಾಥಮಿಕ ಶಾಲೆ ಮಾಸ್ತರಿಕೆಗೂ ಇತರ ಸಣ್ಣ ನೌಕರಿಗಳಿಗೂ ಅರ್ಹರು. ಟ್ರೇನಿಂಗ್ ಇದರ ನಂತರದ್ದು. 2. ಹೈದರಾಬಾದ್ ಸಂಸ್ಥಾನದಲ್ಲಿ ಸ್ಥಳೀಕ, ನೌಕರಿಗೆ ಹಕ್ಕುಳ್ಳ ನಿವಾಸಿ.

ತಿದ್ದುಪಡಿ ಇದ್ದರೆ ಹೇಳಿ. ಮನೆಯಲ್ಲಿ ಅಜ್ಜ ಅಜ್ಜಿಯರ ಮುಲ್ಕಿ ಸರ್ಟಿಫಿಕೇಟ್ ಉಳಿದಿದ್ದರೆ ಅದರ ಮೇಲೆ ಅಚ್ಚಾಗಿರೋ ತಲೆಬರಹವನ್ನ, ಇಸವಿ ಸಮೇತ, ಇದ್ದಹಾಗೇ ಟೈಪ್ ಮಾಡಿ ಕಳಿಸಿ. ಮೈಸೂರು ಕಡೆಯವರು ‘ಎಲ್.ಎಸ್. (ಲೋಯರ್ ಸೆಕೆಂಡರಿ) ಪಾಸು’ ಅನ್ನೋದನ್ನ, ಮಂಗಳೂರು ಕಡೆಯವರು ‘ಹೈಯರ್ ಎಲಿಮೆಂಟರಿ’ ಅನ್ನೋದನ್ನ ಹೇಗೆ ಬಳಸ್ತಿದ್ದರು ಅಂತಲೂ ಬರೆಯಿರಿ. ಅವು ಮುಲ್ಕಿಗೆ ಸಮನೋ ಅಲ್ಲವೋ ಅಂತ ಪಕ್ಕಪಕ್ಕ ಇಟ್ಟು ನೋಡೋಣ.