ಮನೆಯ ಹಿರಿಯರು ಮತ್ತು ಶ್ವಾಸಕೋಶದ ಕ್ಯಾನ್ಸರ್: ಡಾಕ್ಟರ್ ಜೊತೆ ಪ್ರಶ್ನೋತ್ತರ

ಡಾಕ್ಟರ್ (ಎದೆರೋಗ ತಜ್ಞೆ, ಶಿವಮೊಗ್ಗ): ಎಲ್ಲರಿಗೂ ನಮಸ್ಕಾರ. ಇವತ್ತು 60 ದಾಟಿದವರ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಕೇಳಿ. ವಯಸ್ಸು ಬರೆಯಿರಿ, ಬೀಡಿ ಸಿಗರೇಟು ಎಷ್ಟು ವರ್ಷ ಅಂತ ಬರೆಯಿರಿ. ರಿಪೋರ್ಟ್ ಫೋಟೋ ಹಾಕುವಾಗ ಹೆಸರು ಮುಚ್ಚಿ.

ಭದ್ರಾವತಿಯಿಂದ: ಮೇಡಂ, ತಂದೆಗೆ 63. ಒಂದೂವರೆ ತಿಂಗಳಿಂದ ಕೆಮ್ಮು. ಎರಡು ಸಲ ಕಫದಲ್ಲಿ ರಕ್ತದ ಎಳೆ ಕಂಡಿತು. ದಿನಕ್ಕೆ ಒಂದು ಕಟ್ಟು ಬೀಡಿ. ಕಫ ಪರೀಕ್ಷೆ ಮಾಡಿಸದೆ ಟಿಬಿ ಮಾತ್ರೆ ಶುರು ಮಾಡಿದ್ದಾರೆ.

ಡಾಕ್ಟರ್: ಕಫ ಪರೀಕ್ಷೆ ಈ ವಾರವೇ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದರಲ್ಲಿ ಟಿಬಿ ಸಿಗಲಿ ಬಿಡಲಿ, ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಬೀಡಿ ಸೇದುವವರ ಕಫದಲ್ಲಿ ರಕ್ತ ಬಂದರೆ ಕಾಯುವುದಿಲ್ಲ. ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಹೊಸನಗರದ ಮಗಳು: ಮೇಡಂ, ಅಪ್ಪಯ್ಯನಿಗೆ 81. ನಲವತ್ತು ವರ್ಷ ಬೀಡಿ ಸೇದಿ, ಬಿಟ್ಟು 12 ವರ್ಷ ಆಯ್ತು. ಕೆಮ್ಮು ಹೇಳಿಕೊಳ್ಳುವಷ್ಟಿಲ್ಲ. ಆದ್ರೆ ಮೂರು ವಾರದಿಂದ ಊಟ ಸೇರಲ್ಲ, ಕೂತಲ್ಲೇ ತೂಕಡಿಕೆ. ನನ್ನನ್ನು ಅತ್ತೆಯ ಹೆಸರಿಂದ ಕರೀತಾರೆ. ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಸೋಡಿಯಂ 119 ಇತ್ತು. ಡ್ರಿಪ್ ಹಾಕಿದ ಮೇಲೆ ಚೇತರಿಸಿಕೊಂಡರು. ಮನೆಗೆ ಬಂದು ಹತ್ತು ದಿನಕ್ಕೆ ಮತ್ತೆ ಹಾಗೇ. ವಯಸ್ಸಾಯ್ತಲ್ಲ, ಮರೆವು ಅಂದುಬಿಟ್ಟರು.

ಡಾಕ್ಟರ್: ಇದಕ್ಕೆ ಉದ್ದ ಬರೆಯುತ್ತೇನೆ. ಉಳಿದವರೂ ಓದಿ.

60ರ ಆಸುಪಾಸಿನವರು ಬಹುಪಾಲು ತಾವೇ ಬರುತ್ತಾರೆ. ಕೆಮ್ಮಿನ ದನಿ ಬದಲಾಗಿದೆ, ರಕ್ತ ಬಂತು, ಎದೆ ನೋವು ಅಂತಾರೆ. 70 ದಾಟಿದ ಮೇಲೆ ಏದುಸಿರು ಮುಂದೆ ಬರುತ್ತದೆ. ಅದನ್ನು ಹಳೇ ದಮ್ಮು ಅಥವಾ ಹಾರ್ಟು ಅಂತ ಎಲ್ಲರೂ ಸುಮ್ಮನಾಗುತ್ತಾರೆ. 80ರ ಮೇಲೆ ಎಷ್ಟೋ ಜನರಲ್ಲಿ ಎದೆಯ ದೂರೇ ಇರುವುದಿಲ್ಲ. ಕೆಮ್ಮುವ ಶಕ್ತಿಯೂ ಕುಗ್ಗಿರುತ್ತದೆ. ಸುಸ್ತು, ಊಟ ಬೇಡ, ಪಂಚೆ ಸಡಿಲ, ಬೀಳುವುದು, ಗೊಂದಲ, ಅಷ್ಟೇ. ಗೊಂದಲ ಮೂರು ವಾರದಲ್ಲಿ ಬಂದಿದ್ದರೆ ಅದು ವಯಸ್ಸಿನ ಮರೆವಲ್ಲ. ಮರೆವು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ.

ಈಗ ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನಂಶ. 135ರಿಂದ 145 ಇರಬೇಕು. ಬಹಳ ಇಳಿದರೆ ತೂಕಡಿಕೆ, ಗೊಂದಲ ಬರುತ್ತದೆ. ಇಳಿಯಲು ಕಾರಣ ಹಲವು. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ದೊಡ್ಡ ಕಾರಣ, ಅದನ್ನು ಮೊದಲು ನೋಡಬೇಕು. ಆದರೆ ಬೀಡಿ ಸೇದಿದವರಲ್ಲಿ ಸರಿಮಾಡಿದ ಮೇಲೂ ಮತ್ತೆ ಇಳಿದರೆ ನನ್ನ ಕಣ್ಣು ಎದೆಯ ಮೇಲೆ ಹೋಗುತ್ತದೆ. ಸ್ಮಾಲ್ ಸೆಲ್ ಅನ್ನುವ ಶ್ವಾಸಕೋಶದ ಕ್ಯಾನ್ಸರ್ ತಾನೇ ಒಂದು ಹಾರ್ಮೋನ್ ಸುರಿಸುತ್ತದೆ. ಅದು ಮೈಯಲ್ಲಿ ನೀರು ಹಿಡಿದಿಡುತ್ತದೆ, ಸೋಡಿಯಂ ತೆಳುವಾಗುತ್ತದೆ. ಎಕ್ಸ್‌ರೇಯಲ್ಲಿ ಹೃದಯದ ನೆರಳಿನ ಹಿಂದೆ ಗಡ್ಡೆ ಅಡಗಿರಬಹುದು. ಹಾಗಾಗಿ ಎಕ್ಸ್‌ರೇ ಚೆನ್ನಾಗಿದೆ ಅಂದರೆ ಸಾಲದು. ಎದೆಯ ಸಿಟಿ ಬೇಕು, ಮೆದುಳಿನ ಸ್ಕ್ಯಾನೂ ಬೇಕು.

ಈಗಲೇ ಒಂದು ನೋಡಿ ಹೇಳಿ. ಎರಡೂ ತೋರುಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಸಿ. ಉಗುರಿನ ಬುಡದಲ್ಲಿ ಸಣ್ಣ ವಜ್ರದಾಕಾರದ ಸಂದು ಕಾಣುತ್ತದಾ? ದನಿ ಗೊಗ್ಗರಾಗಿದೆಯಾ? ಸಂದು ಮುಚ್ಚಿದ್ದರೆ, ದನಿ ಬಹಳ ದಿನದಿಂದ ಗೊಗ್ಗರಾಗಿದ್ದರೆ, ಅದೂ ಶ್ವಾಸಕೋಶದ ಕಡೆ ಬೆರಳು ತೋರಿಸುತ್ತದೆ.

ಹೊಸನಗರದ ಮಗಳು: ಸಂದು ಕಾಣ್ತಿಲ್ಲ ಮೇಡಂ. ಉಗುರು ಉಬ್ಬಿಕೊಂಡಿದೆ. ದನಿ ದೀಪಾವಳಿಯಿಂದ ಗೊಗ್ಗರು, ಶೀತ ಅಂದ್ಕೊಂಡ್ವಿ.

ಸಾಗರದಿಂದ: ಫಾರ್ವರ್ಡ್ ಬಂದಿದೆ: ಲಕ್ಷ್ಮಣ ಫಲದ ಎಲೆ ಕಷಾಯ ಕೀಮೋಗಿಂತ ಸಾವಿರ ಪಟ್ಟು ಶಕ್ತಿಶಾಲಿ. ಎಲ್ಲರೂ ಹಂಚಿಕೊಳ್ಳಿ.

ಡಾಕ್ಟರ್: ಹಂಚಿಕೊಳ್ಳಬೇಡಿ. ಅದು ಪ್ರಯೋಗಾಲಯದ ಜೀವಕೋಶಗಳ ಮಾತು, ಮನುಷ್ಯರದ್ದಲ್ಲ. ಹೆಚ್ಚು ಕಾಲ ಕುಡಿದರೆ ನರಗಳಿಗೆ ತೊಂದರೆ ಅಂತ ಎಚ್ಚರಿಕೆಯೂ ಇದೆ.

ಶಿಕಾರಿಪುರದಿಂದ: ಬೀಡಿ ಬಿಟ್ಟು 10 ವರ್ಷ ಆದರೆ ಇನ್ನು ಭಯ ಇಲ್ಲ ಅಲ್ವಾ?

ಡಾಕ್ಟರ್: ಅಪಾಯ ಅರ್ಧದಷ್ಟು ಇಳಿಯುತ್ತದೆ, ಸೊನ್ನೆ ಆಗಲ್ಲ.

ತೀರ್ಥಹಳ್ಳಿಯಿಂದ: ನಮ್ಮಮ್ಮನಿಗೆ 72. ಬೀಡಿ ಮುಟ್ಟಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಅಂದರು. ಹೇಗೆ?

ಡಾಕ್ಟರ್: ಬೀಡಿ ಸೇದದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದು ಅಡಿನೋಕಾರ್ಸಿನೋಮಾ ಅನ್ನುವ ಬಗೆಯ ಶ್ವಾಸಕೋಶದ ಕ್ಯಾನ್ಸರ್. ಕಟ್ಟಿಗೆ ಒಲೆ, ಬಚ್ಚಲೊಲೆ ಹೊಗೆ, ಮನೆಯವರ ಬೀಡಿ ಹೊಗೆ ಎಲ್ಲವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಬಯಾಪ್ಸಿಗೆ ಗಡ್ಡೆಯಿಂದ ತೆಗೆದ ತುಣುಕಿನಲ್ಲಿ ಇಜಿಎಫ್‌ಆರ್ ಅನ್ನುವ ಜೀನ್ ಪರೀಕ್ಷೆ ಆಗಿದೆಯಾ ಕೇಳಿ. ಅದು ಪಾಸಿಟಿವ್ ಬಂದರೆ ಮಾತ್ರೆಯಲ್ಲೇ ಚಿಕಿತ್ಸೆ ಶುರುಮಾಡಬಹುದು. 72 ವಯಸ್ಸು ಅದಕ್ಕೆ ಅಡ್ಡಿ ಅಲ್ಲ.

ರಿಪ್ಪನ್‌ಪೇಟೆಯಿಂದ: ಕವಳ (ಎಲೆಯಡಿಕೆ) ಹಾಕೋದನ್ನೂ ಹೇಳಿ ಮೇಡಂ. ಅಡಿಕೆಯಿಂದಲೇ ಕ್ಯಾನ್ಸರ್ ಅಲ್ವಾ?

ಕೊಪ್ಪದ ಬೆಳೆಗಾರ: ಶುರುವಾಯ್ತು ನೋಡಿ. ಅಜ್ಜನ ಕಾಲದಿಂದ ಕವಳ ಹಾಕಿ ತೊಂಬತ್ತು ಬದುಕಿದ್ದಾರೆ. ಅಡಿಕೆ ಹೆಸರು ಕೆಡಿಸಿದ್ರೆ ನಾವು ಏನು ತಿನ್ನಬೇಕು?

ರಿಪ್ಪನ್‌ಪೇಟೆಯಿಂದ: ನಿಮ್ಮ ಕ್ವಿಂಟಾಲ್ ರೇಟಿಗೆ ನಮ್ಮ ಬಾಯಿ ಕೊಡ್ಬೇಕಾ?

ಕೊಪ್ಪದ ಬೆಳೆಗಾರ: ನೀವು ಬರೆದಿದ್ದು ತೋಟ ಇಲ್ಲದವರ ಮಾತು.

ಡಾಕ್ಟರ್: ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಅಂತ 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಇವತ್ತಿನ ವಿಷಯ ಶ್ವಾಸಕೋಶ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ.



ಶಿವಮೊಗ್ಗದಿಂದ: ಒಂದು ಮಾತು. ಎಂಬತ್ತು ದಾಟಿದವರಿಗೆ ಸೂಜಿ, ಸ್ಕ್ಯಾನ್ ಅಂತ ಯಾಕೆ ಹಿಂಸೆ? ಸೂಜಿ ತಾಗಿದ್ರೆ ಹರಡುತ್ತೆ ಅಂತಾನೂ ಹೇಳ್ತಾರೆ. ಮನೇಲಿ ಶಾಂತವಾಗಿ ಇರಲಿ.

ತೀರ್ಥಹಳ್ಳಿಯಿಂದ: ನಮ್ಮ ದೊಡ್ಡಪ್ಪನಿಗೂ ಹೀಗೇ ಹೇಳಿ ಬಿಟ್ರು. ಕೊನೆಗೆ ಉಸಿರು ಸಿಗದೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಅದು ಶಾಂತಿನಾ?

ಶಿವಮೊಗ್ಗದಿಂದ: ನಿಮ್ಮ ಮನೆ ಕತೆ ಎಲ್ಲರ ಮನೆದಲ್ಲ.

ಡಾಕ್ಟರ್: ಸೂಜಿಯಿಂದ ಹರಡುವುದು ಬಹಳ ಅಪರೂಪ. ಆ ಭಯಕ್ಕೆ ಬಯಾಪ್ಸಿ ಬಿಡಬೇಡಿ. ಇನ್ನು ವಯಸ್ಸಿನ ವಿಷಯ. ನಾನು ವರ್ಷ ನೋಡಿ ತೀರ್ಮಾನ ಮಾಡಲ್ಲ. ತಾವೇ ಸ್ನಾನ ಮಾಡ್ತಾರಾ, ಅಂಗಳಕ್ಕೆ ನಡೆದು ಬರ್ತಾರಾ, ಕಿಡ್ನಿ ಹೇಗಿದೆ, ಏನು ಬೇಕು ಅಂತಾರೆ, ಇದನ್ನು ಕೇಳುತ್ತೇನೆ. ಕೀಮೋ ಬೇಡ ಅಂತ ಅವರೇ ಹೇಳಿದರೆ ಒಪ್ಪುತ್ತೇನೆ. ಆಗಲೂ ಕಾಯಿಲೆ ಏನು ಅಂತ ಗೊತ್ತಿರಬೇಕು. ನೋವು, ಉಸಿರಾಟ, ಸೋಡಿಯಂ ಇವುಗಳಿಗೆ ಮದ್ದು ಇದೆ. ಪತ್ತೆಯೇ ಮಾಡದೆ ಮಲಗಿಸಿಡುವುದನ್ನು ನಾನು ಒಪ್ಪಲ್ಲ.

ಸಾಗರದಿಂದ: ಇನ್ನೊಂದು ಬಂದಿದೆ, ಅಡುಗೆ ಸೋಡಾ ಮತ್ತು ನಿಂಬೆ...

ಡಾಕ್ಟರ್: ದಯವಿಟ್ಟು ನಿಲ್ಲಿಸಿ. ಇಲ್ಲಿ ಸೋಡಿಯಂ ಏರುಪೇರಾದ ರೋಗಿಯ ಮಗಳು ಓದುತ್ತಿದ್ದಾರೆ. ಇಂಥದ್ದನ್ನು ನೋಡಿ ಯಾರಾದರೂ ಕುಡಿಸಿದರೆ ಹೊಣೆ ಯಾರು?

ಭದ್ರಾವತಿಯಿಂದ: ಮೇಡಂ, ಸಿಟಿಗೆ ಎಷ್ಟಾಗುತ್ತೆ? ಬಿಪಿಎಲ್ ಕಾರ್ಡ್ ಇದೆ.

ಡಾಕ್ಟರ್: ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡ್ ತೋರಿಸಿ ಕೇಳಿ. ಕ್ಯಾನ್ಸರ್ ಅಂತ ಬಂದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರೆಫರಲ್ ಪತ್ರ ಬರೆಸಿಕೊಳ್ಳಿ.

ಹೊಸನಗರದ ಮಗಳು: ಮೇಡಂ, ಸೋಮವಾರ ಕಾರ್ ಮಾಡಿಕೊಂಡು ಬರ್ತೀವಿ. ಏನೇನು ತರಬೇಕು?

ಡಾಕ್ಟರ್: ಹಳೇ ಎಕ್ಸ್‌ರೇ ಎಲ್ಲವೂ, ಸೋಡಿಯಂ ರಿಪೋರ್ಟ್, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಆಗಿದ್ದರೆ ಅದೂ. ಮಾತ್ರೆಗಳ ಹೆಸರು ಬರೆದು ತರಬೇಡಿ, ಮಾತ್ರೆಯ ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ಹಾಕಿ ತನ್ನಿ. ಸುಸ್ತು ಅಂತ ಪದೇ ಪದೇ ನೀರು, ಎಳನೀರು ಕುಡಿಸಬೇಡಿ. ಇವತ್ತು ರಾತ್ರಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಸೋಮವಾರದವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಸೋಡಿಯಂ ಕಡಿಮೆ ಇದೆ ಅಂತ ಬಾಗಿಲಲ್ಲೇ ಹೇಳಿ.