ಸಣ್ಣ ಕಾರ್ಖಾನೆಯ ಕಚೇರಿಗೆ ಎಐ: ಸಿಬ್ಬಂದಿಯನ್ನು ಹೇಗೆ ಸಿದ್ಧಗೊಳಿಸಿದಿರಿ?

ಪ್ರಶ್ನೆ: ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ನಮ್ಮ ಘಟಕದ ಕಚೇರಿಯಲ್ಲಿ ಹನ್ನೊಂದು ಮಂದಿ ಇದ್ದೇವೆ. ಕೊಟೇಶನ್, ಪರ್ಚೇಸ್ ಆರ್ಡರ್ ಮತ್ತು ಪತ್ರವ್ಯವಹಾರಕ್ಕೆ ಕೃತಕ ಬುದ್ಧಿಮತ್ತೆಯನ್ನು (ಎಐ) ಬಳಸಬೇಕೆಂದಿದ್ದೇನೆ. ಹಿರಿಯರಿಗೆ ಕೆಲಸ ಹೋದೀತೆಂಬ ಅಳುಕಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ ಉತ್ತರ: ಸರ್, ನಮ್ಮದೂ ಇಂಥದ್ದೇ ಘಟಕ. ಮೊದಲು ಹೊರಗಿನವರನ್ನು ಕರೆಸಿ ಒಂದು ದಿನದ ಕಾರ್ಯಾಗಾರ ಮಾಡಿಸಿದೆವು. ಎಲ್ಲವೂ ಇಂಗ್ಲಿಷಿನಲ್ಲಿತ್ತು, ಉದಾಹರಣೆಗಳು ನಮ್ಮ ಕೆಲಸದವಾಗಿರಲಿಲ್ಲ. ಮರುವಾರ ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ಪ್ರತಿಯೊಬ್ಬರೂ ತಮ್ಮ ಮೇಜಿನ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು, ಶನಿವಾರ ಅರ್ಧ ಗಂಟೆ ಎಲ್ಲರೆದುರು ಮಾಡಿ ತೋರಿಸುವ ಪದ್ಧತಿ ಇಟ್ಟೆವು. ಕಲಿಕೆ ಶುರುವಾದದ್ದು ಅಲ್ಲಿಂದ.

ಒಮ್ಮೆ ಗ್ರಾಹಕರ ಆರ್ಡರಿನಲ್ಲಿ ಜೂನ್ 5 ಎಂಬ ಅರ್ಥದಲ್ಲಿ 05/06 ಎಂದು ಬರೆದಿದ್ದನ್ನು ಎಐ ಅಮೆರಿಕದ ರೂಢಿಯಂತೆ ಓದಿ, ಸಾರಾಂಶದಲ್ಲಿ ಮೇ 6 ಎಂದು ನಮೂದಿಸಿತು. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಹಾಳೆ ನೋಡಿದೊಡನೆ, "ಕಬ್ಬಿಣವೇ ಮೇ ಮೂರನೇ ವಾರಕ್ಕೆ ಬರುತ್ತದೆ, ಆರನೇ ತಾರೀಖಿಗೆ ಮಾಲು ಕೊಡುವುದು ಹೇಗೆ?" ಎಂದು ಕೇಳಿದರು. ಅಂದಿನಿಂದ ದಿನಾಂಕ, ಅಳತೆ, ಸಂಖ್ಯೆ, ದರ ಈ ನಾಲ್ಕನ್ನು ಮೂಲ ಪ್ರತಿಯೊಂದಿಗೆ ತಾಳೆ ನೋಡಿ, ನೋಡಿದವರು ಸಹಿ ಹಾಕದೆ ಯಾವ ಕಾಗದವೂ ಮುಂದೆ ಹೋಗುವುದಿಲ್ಲ. ತಮ್ಮ ಅನುಭವವಿಲ್ಲದೆ ಈ ಕೆಲಸ ಸಾಗದು ಎಂಬುದು ಆ ಹಿರಿಯರಿಗೆ ಮನದಟ್ಟಾಯಿತು. ಇಂದು ಹೊಸಬರಿಗೆ ತಾಳೆ ನೋಡುವುದನ್ನು ಕಲಿಸುವವರು ಅವರೇ. ಆದರೆ ಇದಕ್ಕೂ ಮೊದಲು, ಈ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ನಾವು ಬರೆದು ಕೊಟ್ಟಿದ್ದೆವು. ಬಾಯಿಮಾತಿನ ಭರವಸೆಯಿಂದ ಅಳುಕು ಹೋಗುವುದಿಲ್ಲ, ದಯವಿಟ್ಟು ಬರೆದೇ ಕೊಡಿ.

ಮೈಸೂರಿನಿಂದ ಉತ್ತರ: ಸಂಬಳದ ಪಟ್ಟಿ, ಆಧಾರ್ ಸಂಖ್ಯೆ, ಗ್ರಾಹಕರ ಡ್ರಾಯಿಂಗ್ ಇವನ್ನು ಎಐನ ಉಚಿತ ಖಾತೆಗಳಿಗೆ ಹಾಕಬಾರದೆಂದು ಮೊದಲ ದಿನವೇ ಹೇಳಿಬಿಡಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ 2023ರಲ್ಲಿ ಕೇಂದ್ರದ ಕಾಯ್ದೆ ಬಂದಿದ್ದು, ಗಂಭೀರ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೂ ಇದೆ.

ಬೆಂಗಳೂರಿನಿಂದ ಉತ್ತರ: ನಾನು ಕೌಶಲ ತರಬೇತಿಯ ಕ್ಷೇತ್ರದಲ್ಲಿರುವವಳು. ಸಾಫ್ಟ್‌ವೇರ್ ಕಂಪನಿಗಳ ಸಂಘಟನೆಯಾದ ನಾಸ್ಕಾಮ್ ಮತ್ತು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಜೊತೆಗೂಡಿ ನಡೆಸುವ ಫ್ಯೂಚರ್‌ಸ್ಕಿಲ್ಸ್ ಪ್ರೈಮ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಎಐ ಕೋರ್ಸುಗಳಿವೆ. ಕಂಪ್ಯೂಟರ್ ಬಲ್ಲ ಯುವಕರನ್ನು ಅಲ್ಲಿಗೆ ಕಳುಹಿಸಿ. ಹಿರಿಯರಿಗೆ ಮಾತ್ರ ಹುಬ್ಬಳ್ಳಿಯವರು ಹೇಳಿದ ದಾರಿಯೇ ಸರಿ. ಇನ್ನೊಂದು ಮಾತು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಬೇಡಿಕೆಯನ್ನು ಸರ್ಕಾರದ ಮುಂದಿಡಲು 1988ರಿಂದ ನಾಸ್ಕಾಮ್ ಇದೆ. ಸಣ್ಣ ಕೈಗಾರಿಕೆಗಳ ಪರವಾಗಿ ಮಾತನಾಡಲು ಅದಕ್ಕೂ ಹಿಂದೆ, 1949ರಲ್ಲೇ ಹುಟ್ಟಿದ ಕಾಸಿಯಾ (ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ) ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 10,300 ಕೋಟಿ ರೂಪಾಯಿಗೂ ಹೆಚ್ಚು ಮೊತ್ತದ ಇಂಡಿಯಾ ಎಐ ಮಿಷನ್ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಕೌಶಲ ತರಬೇತಿಯೂ ಅದರ ಒಂದು ಭಾಗ. ಅದರ ಪ್ರಯೋಜನ ಹನ್ನೊಂದು ಜನರ ಕಚೇರಿಗೂ ತಲುಪಬೇಕಾದರೆ ನಾವು ಕೇಳಲೇಬೇಕು. ಪೀಣ್ಯದ ನಾಲ್ಕಾರು ಘಟಕಗಳವರು ಒಟ್ಟಾಗಿ ನಿಮ್ಮ ಸಂಘದ ಮೂಲಕ ಮನವಿ ಕೊಡಿ. ತರಬೇತಿ ಕನ್ನಡದಲ್ಲಿರಬೇಕು, ಕೆಲಸದ ವೇಳೆಯಲ್ಲೇ ನಡೆಯಬೇಕು, ನಿಮ್ಮದೇ ಕೊಟೇಶನ್ ಮತ್ತು ಆರ್ಡರುಗಳಲ್ಲಿ ಗ್ರಾಹಕರ ಹೆಸರು ಅಳಿಸಿ ಅವುಗಳ ಮೇಲೆಯೇ ಅಭ್ಯಾಸ ಮಾಡಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ.