ರೋಮನ್ ರೇನ್ಸ್‌ನ 1316 ದಿನ ನಿಜಕ್ಕೂ ಅಷ್ಟು ದೊಡ್ಡದಾ?

ಪ್ರಶ್ನೆ:
2020ರ ಆಗಸ್ಟ್ 30ಕ್ಕೆ WWE ಕುಸ್ತಿಯ ಪೇಬ್ಯಾಕ್ ಕಾರ್ಯಕ್ರಮದಲ್ಲಿ ರೋಮನ್ ಯುನಿವರ್ಸಲ್ ಚಾಂಪಿಯನ್ ಬೆಲ್ಟ್ ಗೆದ್ದ. ಕೋಡಿ ರೋಡ್ಸ್ ಅದನ್ನು ಕಿತ್ತುಕೊಂಡದ್ದು 2024ರ ಏಪ್ರಿಲ್ 7ಕ್ಕೆ, ಫಿಲಡೆಲ್ಫಿಯಾದಲ್ಲಿ. ಎಲ್ಲರೂ ಇದನ್ನು ಈ ಕಾಲದ ಅತಿ ದೊಡ್ಡ ಆಳ್ವಿಕೆ ಅನ್ನುತ್ತಾರೆ. ನನಗೆ ಒಪ್ಪಿಕೊಳ್ಳೋಕೆ ಕಷ್ಟ ಆಗುತ್ತಿದೆ. ಕೊನೆಕೊನೆಗೆ ಅವನು ಆಡಿದ್ದೇ ಕಡಿಮೆ, ಆಡಿದಾಗಲೂ ಅವನ ಕುಟುಂಬದವರೇ ಆದ ಉಸೋ ಸಹೋದರರೋ ಸೋಲೋ ಸಿಕೋವಾನೋ ಬಂದು ಕಾಪಾಡಬೇಕಿತ್ತು. 2022ರಲ್ಲಿ ಕಾರ್ಡಿಫ್‌ನಲ್ಲಿ ಡ್ರೂ ಮ್ಯಾಕಿಂಟೈರ್ ಗೆದ್ದೇಬಿಟ್ಟ ಅಂದುಕೊಳ್ಳುವಷ್ಟರಲ್ಲಿ ಸೋಲೋ ಬಂದು ರೆಫರಿಯನ್ನೇ ರಿಂಗ್‌ನಿಂದ ಹೊರಗೆಳೆದ. ಇದು ಪ್ರಾಬಲ್ಯ ಹೇಗಾಗುತ್ತದೆ?

ಉತ್ತರ 1:
ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುವ ಆಟ ಇದು. ಹಾಗಾಗಿ ಹೇಗೆ ಗೆದ್ದ ಅನ್ನೋದಕ್ಕಿಂತ, ಅವನು ಬಂದು ನಿಂತರೆ ಜನ ಕಣ್ಣು ಕೀಳದೆ ನೋಡುತ್ತಾರಾ ಅನ್ನೋದು ಮುಖ್ಯ. 2020ಕ್ಕೆ ಮೊದಲು ರೋಮನ್ ಸ್ಥಿತಿ ಏನಿತ್ತು ನೆನಪಿಸಿಕೊಳ್ಳಿ. 2015ರಲ್ಲಿ ರಾಯಲ್ ರಂಬಲ್ ಅನ್ನೋ ಮೂವತ್ತು ಜನರ ಪಂದ್ಯ ಗೆದ್ದಾಗ ಸಾಕ್ಷಾತ್ ರಾಕ್ (ಸಿನಿಮಾ ನಟ ಡ್ವೇನ್ ಜಾನ್ಸನ್) ಬಂದು ಅವನ ಕೈ ಎತ್ತಿ ಹಿಡಿದರೂ ಜನ ಕೂಗಿ ಛೀಮಾರಿ ಹಾಕಿದರು. 2017ರಲ್ಲಿ ವರ್ಷದ ಅತಿ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನನ್ನು ಸೋಲಿಸಿದ ಮರುದಿನ ಅವನಿಗೆ ಬಾಯಿ ತೆರೆಯೋಕೇ ಬಿಡಲಿಲ್ಲ. ಅವನನ್ನು ಹೀರೋ ಮಾಡಲೇಬೇಕು ಅಂತ ಕಂಪನಿ ಹಟ ಹಿಡಿದಿತ್ತು, ಬೇಡ ಅಂತ ಜನ ಹಟ ಹಿಡಿದಿದ್ದರು. 2018ರ ಅಕ್ಟೋಬರ್‌ನಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮತ್ತೆ ಬಂದಿದೆ ಅಂತ ಹೇಳಿ ಬೆಲ್ಟ್ ಕೆಳಗಿಟ್ಟು ಹೋದ. ಗುಣವಾಗಿ ಬಂದಮೇಲೂ ಸ್ವಲ್ಪ ಕಾಲ ಅದೇ ಹಳೇ ಪಾತ್ರ.

ಬದಲಾದದ್ದು ಮಾತಿನ ಮಲ್ಲ ಮ್ಯಾನೇಜರ್ ಪಾಲ್ ಹೇಮನ್ ಜೊತೆ ಸೇರಿ ಖಳನಾದಮೇಲೆ. ನೀವು 2020ರ ಹೆಲ್ ಇನ್ ಎ ಸೆಲ್ (ಪಂಜರದೊಳಗಿನ) ಪಂದ್ಯ ನೋಡಿ. ಎದುರಾಳಿ ಸ್ವಂತ ಕುಟುಂಬದ ಜೇ ಉಸೋ, ಸೋಲು ಒಪ್ಪಿಕೊಳ್ಳುವವರೆಗೂ ಬಿಡುವ ಹಾಗಿಲ್ಲ. ಕೋವಿಡ್ ಕಾಲ, ಎದುರಿಗೆ ಪ್ರೇಕ್ಷಕರಿಲ್ಲ, ಬರೀ ಪರದೆಗಳು. ಅದಕ್ಕೇ ರೋಮನ್ ಮೆಲ್ಲಗೆ ಆಡುವ ಒಂದೊಂದು ಮಾತೂ ಕೇಳಿಸುತ್ತದೆ. ಜೇಯ ಅಣ್ಣ ಜಿಮ್ಮಿ ಅಡ್ಡ ಬಂದು ಬೇಡಿಕೊಂಡಾಗ ರೋಮನ್ ಅಳುತ್ತಾನೆ, ಕೈ ಚಾಚುತ್ತಾನೆ. ಜಿಮ್ಮಿ ಆ ಕೈ ಹಿಡಿದ ತಕ್ಷಣ ರೋಮನ್ ಅವನ ಕತ್ತನ್ನೇ ಅಮುಕುತ್ತಾನೆ. ಅಣ್ಣನನ್ನು ಉಳಿಸೋಕೆ ಜೇ ಸೋಲು ಒಪ್ಪುತ್ತಾನೆ. ಆಮೇಲೆ ರೋಮನ್‌ನ ತಂದೆ ಸಿಕಾ, ದೊಡ್ಡಪ್ಪ ಆಫಾ ಬಂದು ಅವನಿಗೆ ಕೆಂಪು ಹಾರ ಹಾಕುತ್ತಾರೆ. ಅವನ ಬಲ ತೋಳಿಗಿಂತ ಜಾಸ್ತಿ ಮನೆಯವರ ಮೇಲಿನ ಹಿಡಿತದಲ್ಲಿತ್ತು. ನೀವು ದೂರುವ ಆ ಸಹಾಯವೇ ಇಡೀ ಕಥೆ.

ಉತ್ತರ 2:
ಕಥೆ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ದಿನದ ಲೆಕ್ಕ ಹಿಡಿದು ದೊಡ್ಡದು ಅನ್ನುವವರು ಬ್ರೂನೋ ಸಮ್ಮಾರ್ಟಿನೋ ಹೆಸರನ್ನೂ ಹೇಳಬೇಕು ಅಲ್ವಾ? 1963ರ ಮೇ 17ಕ್ಕೆ ಬಡ್ಡಿ ರೋಜರ್ಸ್‌ನನ್ನು ಒಂದು ನಿಮಿಷದೊಳಗೆ ಮುಗಿಸಿ ಇದೇ ಕಂಪನಿಯ ಚಾಂಪಿಯನ್ ಬೆಲ್ಟ್ ಗೆದ್ದವನು 1971ರ ಜನವರಿವರೆಗೂ ಅದನ್ನು ಬಿಡಲಿಲ್ಲ. 2803 ದಿನ! ಆಗ ಟಿಕೆಟ್ ಹಣವೇ ಜೀವಾಳ. ಬ್ರೂನೋ ಊರೂರು ಸುತ್ತಿ ಆಡಿದ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಜನ ಅವನಿಗಾಗಿಯೇ ಮತ್ತೆ ಮತ್ತೆ ಬಂದರು. ಇವಾನ್ ಕೋಲಾಫ್‌ಗೆ ಸೋತ ರಾತ್ರಿ ಇಡೀ ಸಭಾಂಗಣ ಸದ್ದಿಲ್ಲದಂತಾಯಿತು, ತನ್ನ ಕಿವಿಯೇ ಕೆಟ್ಟಿತೇನೋ ಅಂದುಕೊಂಡೆ ಅಂತ ಬ್ರೂನೋ ಆಮೇಲೆ ಹೇಳಿದ್ದಾನೆ. ತಿಂಗಳುಗಟ್ಟಲೆ ಕಾಣಿಸದ ಚಾಂಪಿಯನ್‌ನನ್ನು ಇದರ ಪಕ್ಕ ಹೇಗೆ ನಿಲ್ಲಿಸೋದು?

ಉತ್ತರ 3:
ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಕಾಲ ಬೇರೆ, ವ್ಯಾಪಾರ ಬೇರೆ. ನನ್ನ ತಕರಾರು ಇನ್ನೊಂದು. 2023ರ ರಾಯಲ್ ರಂಬಲ್ ರಾತ್ರಿ ರೋಮನ್‌ಗೆ ಸೋತ ಕೆವಿನ್ ಓವೆನ್ಸ್ ರಿಂಗ್‌ನ ಹಗ್ಗಕ್ಕೆ ಬೇಡಿ ಹಾಕಿಸಿಕೊಂಡು ಬಿದ್ದಿದ್ದ. ಅವನನ್ನು ಹೊಡಿ ಅಂತ ರೋಮನ್ ತನ್ನ ಗುಂಪಿನಲ್ಲಿದ್ದ, ಕೆವಿನ್‌ನ ಹಳೇ ಗೆಳೆಯ ಸ್ಯಾಮಿ ಝೇನ್ ಕೈಗೆ ಕುರ್ಚಿ ಕೊಟ್ಟ, ಸ್ಯಾಮಿ ಅದನ್ನು ರೋಮನ್ ಬೆನ್ನಿಗೇ ಬೀಸಿದ. ಅಲ್ಲಿಂದ ರೆಸಲ್‌ಮೇನಿಯಾವರೆಗೆ ಕಥೆ ಕುದಿಯುತ್ತಿತ್ತು. ಕೋಡಿ ಅಲ್ಲೇ ಗೆಲ್ಲಬೇಕಿತ್ತು. ಇನ್ನೊಂದು ವರ್ಷ ಸುಮ್ನೆ ಎಳೆದರು. ಆ ವರ್ಷದಲ್ಲಿ ನನಗೆ ನೆನಪಿರೋದು ಜುಲೈನಲ್ಲಿ ಲಂಡನ್‌ನಲ್ಲಿ ಜೇ ಅವನನ್ನು ಪಿನ್ ಮಾಡಿದ್ದು. 2019ರ ಡಿಸೆಂಬರ್ ಆದಮೇಲೆ ರೋಮನ್ ಭುಜ ನೆಲಕ್ಕೆ ತಾಗಿ ಮೂರು ಎಣಿಸಿದ್ದು ಅದೇ ಮೊದಲು.

ಪ್ರಶ್ನೆ ಕೇಳಿದವರು:
ಜೇ ಜೊತೆಗಿನ ಆ ಪಂದ್ಯ ನಾನು ನೋಡಿಯೇ ಇರಲಿಲ್ಲ, ಈಗಷ್ಟೇ ನೋಡಿ ಮುಗಿಸಿದೆ. ಮನೆಯವರ ಮೇಲಿನ ಹಿಡಿತದ ಮಾತು ಸರಿ. ಆದರೂ ಕಾರ್ಡಿಫ್‌ನಲ್ಲಿ ಡ್ರೂ ಗೆಲ್ಲಬೇಕಿತ್ತು ಅನ್ನೋದನ್ನು ಮಾತ್ರ ನಾನು ಬಿಡಲ್ಲ.